ಪದಚರ್ಚೆ: ಡ್ರೈವ್ ಪ್ಯಾನೆಲ್ಲಿನ ‘ಚಾರ್ಜ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಮೋಟರ್ ಡ್ರೈವ್‌ಗೆ ಸಪ್ಲೈ ವೈರಿಂಗ್ ಮಾಡುವವರಿಗೆ ಒಂದು ಪುಟದ ಕನ್ನಡ ಸೂಚನೆ ಬರೆಯುತ್ತಿದ್ದೇನೆ. ಪ್ಯಾನೆಲ್ ಬಾಗಿಲ ಒಳಗಡೆ ಅಂಟಿಸಲು. ಫೇಸ್, ಲಗ್, ಟರ್ಮಿನಲ್ ಎಲ್ಲ ಹಾಗೇ ಇಟ್ಟಿದ್ದೇನೆ. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ‘ಅರ್ಥ್ ಕೊಡು’ ಅಂತಾರೆ, ‘ಭೂಸಂಪರ್ಕ’ ಪಠ್ಯಪುಸ್ತಕದ್ದು. ಇನ್‌ಪುಟ್, ಔಟ್‌ಪುಟ್ ಬದಲು ‘ಸಪ್ಲೈ ಕಡೆ’, ‘ಮೋಟರ್ ಕಡೆ’ ಅಂತ ಬರೆದೆ. ಸಪ್ಲೈ ಕಡೆಯ ಆರ್, ಎಸ್, ಟಿ ಟರ್ಮಿನಲ್‌ಗಳಿಗೆ ಕೊಡಬೇಕಾದ ಸಪ್ಲೈಯನ್ನು ಮೋಟರ್ ಕಡೆಯ ಯು, ವಿ, ಡಬ್ಲ್ಯುಗೆ ಕೊಟ್ಟರೆ ಡ್ರೈವ್ ಸುಟ್ಟೇ ಹೋಗುತ್ತದೆ. ಅಲ್ಲಿ ಗೊಂದಲಕ್ಕೆ ಜಾಗ ಇರಬಾರದು.

ತೊಡಕಿರುವುದು ‘ಚಾರ್ಜ್’ ಪದದಲ್ಲಿ.

ಲೈನ್‌ಮನ್‌ಗಳು ‘ಲೈನ್ ಚಾರ್ಜ್ ಆಗಿದೆ’ ಅಂದರೆ ಲೈನಿನಲ್ಲಿ ಕರೆಂಟ್ ಇದೆ, ಮುಟ್ಟಬೇಡಿ ಅಂತ. ಹಾಗಾಗಿ ಬ್ರೇಕರ್ ಇಳಿಸಿದರೆ ಚಾರ್ಜ್ ಹೋಯಿತು ಅನ್ನೋದು ಸಹಜವಾದ ಅರ್ಥ. ಡ್ರೈವ್‌ನಲ್ಲಿ ಹಾಗಲ್ಲ. ಒಳಗೆ ಬಂದ 415 ವೋಲ್ಟ್ ಎಸಿ ಮೊದಲು ಡಿಸಿ ಆಗುತ್ತದೆ. ಕರೆಂಟ್ ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳಲ್ಲಿ, ಅಂದರೆ ಕಂಡೆನ್ಸರ್‌ಗಳಲ್ಲಿ, ಸುಮಾರು 585 ವೋಲ್ಟ್ ತುಂಬಿಕೊಳ್ಳುತ್ತದೆ. ಬ್ರೇಕರ್ ಇಳಿಸಿ ಡಿಸ್‌ಪ್ಲೇ ಆರಿದ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಮನುಷ್ಯನನ್ನು ಕೊಲ್ಲಲು ಅಷ್ಟು ಸಾಕು.

ಕೆಲವು ಡ್ರೈವ್‌ಗಳಲ್ಲಿ ಟರ್ಮಿನಲ್ ಪಕ್ಕ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಅದರ ಹತ್ತಿರ ಇಂಗ್ಲಿಷಿನಲ್ಲಿ ‘ಚಾರ್ಜ್’ ಅಂತ ಅಚ್ಚಾಗಿರುತ್ತದೆ. ಮೊಬೈಲ್ ಬಳಸುವ ಹುಡುಗ ಅದನ್ನು ಹೇಗೆ ಓದುತ್ತಾನೆ? ‘ಚಾರ್ಜ್ ಆಗ್ತಾ ಇದೆ’ ಅಂತ ತಾನೇ? ಅಲ್ಲಿ ಹೇಳಬೇಕಾದದ್ದು ‘ಒಳಗೆ ಇನ್ನೂ ಇದೆ, ಕೈ ಹಾಕಬೇಡ’ ಅಂತ. ದೀಪ ಆರಿದ್ದನ್ನೇ ನಂಬಿಕೊಂಡೂ ಕೈ ಹಾಕುವ ಹಾಗಿಲ್ಲ. ಡ್ರೈವ್ ಮೇಲೆ ಬರೆದಷ್ಟು ಹೊತ್ತು ಕಾಯಬೇಕು. ಎಷ್ಟೋ ಡ್ರೈವ್‌ಗಳಲ್ಲಿ ಅದು 5 ನಿಮಿಷ, ದೊಡ್ಡದರಲ್ಲಿ ಇನ್ನೂ ಜಾಸ್ತಿ. ಆಮೇಲೆ ಡಿಸಿ ಪ್ಲಸ್, ಮೈನಸ್ ನಡುವೆ ಮೀಟರ್ ಇಟ್ಟು ನೋಡಬೇಕು. ಸಪ್ಲೈ ಕಡೆಯ ಮೂರು ಫೇಸನ್ನೂ ನೋಡಬೇಕು.

ಪಠ್ಯಪುಸ್ತಕದಲ್ಲಿ ಈ ಚಾರ್ಜ್‌ಗೆ ‘ಆವೇಶ’ ಅನ್ನುತ್ತಾರೆ. ‘ಆವೇಶ ಇಳಿಯುವವರೆಗೆ ಕಾಯಿರಿ’ ಅಂತ ಬರೆದರೆ ಸಿಟ್ಟು ಇಳಿಯುವ ಮಾತಾಗುತ್ತದೆ. ‘ವಿದ್ಯುತ್ ಪೂರೈಕೆ ಸ್ಥಗಿತಗೊಳಿಸಿ’ ಅಂದರೆ ಸ್ಟಾಪ್ ಬಟನ್ ಒತ್ತಿ ಸುಮ್ನೆ ಆಗುವವರೂ ಇದ್ದಾರೆ. ಮೋಟರ್ ನಿಲ್ಲುತ್ತದೆ, ಸಪ್ಲೈ ಮಾತ್ರ ಟರ್ಮಿನಲ್‌ನಲ್ಲಿ ಹಾಗೇ ಇರುತ್ತದೆ.

ಸದ್ಯಕ್ಕೆ ನಾನು ಬರೆದಿರುವುದು ಹೀಗೆ: ‘ಬ್ರೇಕರ್ ಇಳಿಸಿದ ಮೇಲೂ ಡ್ರೈವ್ ಒಳಗೆ ಕರೆಂಟ್ ಉಳಿದಿರುತ್ತದೆ. ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ.’

ಇಂಜಿನಿಯರ್ ಗೆಳೆಯರೊಬ್ಬರು ಇದನ್ನು ಒಪ್ಪಲಿಲ್ಲ. ಕರೆಂಟ್ ಅಂದರೆ ಹರಿಯುವುದು, ಉಳಿಯುವುದು ಹೇಗೆ ಅಂತ ಕೇಳಿದರು. ಅವರ ಮಾತು ಇಂಗ್ಲಿಷಿಗೆ ಸರಿ. ಆದರೆ ಕನ್ನಡದ ‘ಕರೆಂಟ್’ ಹಾಗಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಮಗೆ ಕರೆಂಟ್ ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ. ಉಳಿಯಲೂಬಹುದು, ಅಲ್ವಾ?

ಇಲ್ಲಿ ಪಂಪ್ ರಿಪೇರಿ, ವೈಂಡಿಂಗ್ ಮಾಡುವವರ ಒಡನಾಟ ಇದ್ದವರು ದಯವಿಟ್ಟು ತಿಳಿಸಿ. ಕಂಡೆನ್ಸರ್ ಮುಟ್ಟುವ ಮುಂಚೆ ಅದರಲ್ಲಿರುವುದನ್ನು ಖಾಲಿ ಮಾಡೋದಕ್ಕೆ ನಿಮ್ಮ ಕಡೆ ಏನಂತಾರೆ? ‘ಇಳಿಸೋದು’, ‘ಕಳೆಯೋದು’, ಇನ್ನೇನಾದರೂ? ಹುಬ್ಬಳ್ಳಿ, ದಾವಣಗೆರೆ, ಮಂಗಳೂರು ಕಡೆಯ ಮಾತು ಸಿಕ್ಕರೆ ತುಂಬಾ ಉಪಕಾರ. ಎಲ್ಲ ಕಡೆಯವರಿಗೂ ಒಂದೇ ಓದಿಗೆ ತಿಳಿಯುವ ಪದವನ್ನೇ ಅಚ್ಚಿಗೆ ಕೊಡುತ್ತೇನೆ.