ಮನೆಯಲ್ಲೇ ರೊಟ್ಟಿ, ಖಾರದ ಪುಡಿ ಉದ್ಯೋಗ: ಪಂಚಾಯಿತಿ ಪರವಾನಗಿ ಹೇಗೆ ತಗೊಂಡಿರಿ?

ಪ್ರಶ್ನೆ, ರಾಣೆಬೆನ್ನೂರು ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘದ ನಾಲ್ವರು ಸೇರಿ ನಮ್ಮ ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಖಾರದ ಪುಡಿ ಮಾಡಿ ಮಾರುತ್ತಿದ್ದೇವೆ. ಈಗ ಹುಬ್ಬಳ್ಳಿಯ ಅಂಗಡಿಯವರೊಬ್ಬರು ವಾರ ವಾರ ಮಾಲು ಕೇಳುತ್ತಿದ್ದಾರೆ. ಆದರೆ ಪಾಕೀಟಿನ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಬೇಕಂತೆ. ಖಾರ ಕುಟ್ಟೋಕೆ 3 ಎಚ್‌ಪಿ ಪಲ್ವರೈಸರ್, ಜೊತೆಗೆ ಒಂದು ರೊಟ್ಟಿ ಮಷಿನ್ ಹಾಕಬೇಕು ಅಂತಿದ್ದೇವೆ. ಮನೆ ಊರೊಳಗೆ, ಗಾಂವಠಾಣದಲ್ಲಿ (ಊರಿನ ವಸತಿ ಜಾಗದಲ್ಲಿ) ಇದೆ. ಹೊಲದಲ್ಲಿ ಒಂದು ತಗಡಿನ ಶೆಡ್ಡಿದೆ, ಅಲ್ಲಿ ಜಾಗ ಜಾಸ್ತಿ. ಪಂಚಾಯಿತಿಯಲ್ಲಿ ಕೇಳಿದರೆ ಒಬ್ಬರು "ಹೊಲ ಎನ್‌ಎ (ಕೃಷಿಯೇತರ ಜಮೀನು) ಆಗದೆ ಏನೂ ಕೊಡೋಕೆ ಬರಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಇಷ್ಟು ಸಣ್ಣದಕ್ಕೆ ಎಂಥಾ ಲೈಸೆನ್ಸು, ಸುಮ್ನೆ ಮಾಡ್ರಿ" ಅನ್ನುತ್ತಾರೆ. ಮಾಡಿಸಿದವರು ಇದ್ದರೆ ದಾರಿ ಹೇಳಿ.

ಧಾರವಾಡ ಕಡೆಯಿಂದ, ಚಟ್ನಿ ಪುಡಿ ಮಾಡುವವರು

ಅಕ್ಕಾ, ಮೊದಲು ಆ ಶೆಡ್ಡಿನ ಆಸೆ ಬಿಡಿ. ಅಷ್ಟಾದರೆ ಅರ್ಧ ತಲೆನೋವು ಕಡಿಮೆ.

ಹೊಲದಲ್ಲಿ ಕಟ್ಟಿದ್ದು ಒಕ್ಕಲುತನಕ್ಕೆ ಮಾತ್ರ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಹೇಳೋದು ಅದನ್ನೇ. ನಿಮ್ಮ ಬೆಳೆ ಇಡಿ, ಗೊಬ್ಬರ ಇಡಿ, ಮೆಣಸಿನಕಾಯಿ ಒಣಗಿಸಿ, ಯಾರೂ ಕೇಳಲ್ಲ. ಅಲ್ಲಿ ಮಷಿನ್ ಕೂರಿಸಿ, ಪಾಕೀಟು ಮಾಡಿ ಮಾರಿದರೆ ಅದು ಕೃಷಿಯೇತರ ಬಳಕೆ. ನನಗೆ ಗೊತ್ತಿರೋ ಮಟ್ಟಿಗೆ ಅದಕ್ಕೆ ಜಿಲ್ಲಾಧಿಕಾರಿಗಳಿಂದ ಎನ್‌ಎ ಆದೇಶ ಬೇಕಿತ್ತು, ಈಗಿನ ನಿಯಮ ಒಮ್ಮೆ ಕೇಳಿಕೊಳ್ಳಿ. ಇಡೀ ಹೊಲ ಬೇಡ, ಎರಡು ಗುಂಟೆ ಸಾಕು ಅಂದರೆ ಮೊದಲು 11ಇ ನಕ್ಷೆ ಆಗಬೇಕು, ಅಂದರೆ ಸರ್ವೆಯವರು ಬಂದು ಅಳೆಯಬೇಕು. ಉತಾರದಲ್ಲಿ (ಪಹಣಿಯಲ್ಲಿ) ಅಣ್ಣ ತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಅವರ ಒಪ್ಪಿಗೆಯೂ ಬೇಕು. ರೊಟ್ಟಿ ಮಾರೋಕೆ ಹೊರಟವರು ಮನೆಯಲ್ಲಿ ಪಾಲಿನ ಮಾತು ಎಬ್ಬಿಸಿದ ಹಾಗಾಗುತ್ತೆ. ಬೇಕಾ ಇದೆಲ್ಲ?

ಶೆಡ್ಡಿನಲ್ಲಿ ಇನ್ನೊಂದು ತೊಡಕಿದೆ. ಅದನ್ನು ಯಾರೂ ಮೊದಲೇ ಹೇಳಲ್ಲ. ಹೊಲದ ಕಡೆ ಬರೋದು ಪಂಪ್‌ಸೆಟ್ಟಿನ ಲೈನು. ತ್ರೀ ಫೇಸ್ ಕೊಟ್ಟರೆ ದಿನಕ್ಕೆ ಸುಮಾರು 7 ತಾಸು, ಅದರಲ್ಲೂ ಒಂದಿಷ್ಟು ರಾತ್ರಿ ಹೊತ್ತು. ಊರಿಗೆ ನಿರಂತರ ಜ್ಯೋತಿ ಯೋಜನೆಯಲ್ಲಿ ಬೇರೆ ಫೀಡರ್ (ಲೈನು) ಆಗಿರೋದರಿಂದ ಕರೆಂಟ್ ಇರುತ್ತೆ. ಎನ್‌ಎ ಮಾಡಿಸಿ, ಮಷಿನ್ ತಂದು, ಆಮೇಲೆ ನಡುರಾತ್ರಿ ಎದ್ದು ಖಾರ ಕುಟ್ತೀರಾ?

ಮನೆ ಗಾಂವಠಾಣದಲ್ಲಿ ಇದೆಯಲ್ಲ, ಅದೇ ನಿಮ್ಮ ಬಲ. ಅಲ್ಲಿ ಎನ್‌ಎ ಪ್ರಶ್ನೆಯೇ ಬರಲ್ಲ. ನಿಮಗೆ "ಎನ್‌ಎ ಬೇಕು" ಅಂದವರು ಶೆಡ್ಡಿನ ಮಾತು ಕೇಳಿ ಹಾಗಂದಿರಬಹುದು. ಅರ್ಜಿಯಲ್ಲಿ ಹೊಲದ ಸರ್ವೆ ನಂಬರ್ ಬರೆಯಲೇಬೇಡಿ, ಮನೆಯ ಆಸ್ತಿ ನಂಬರ್ ಬರೆಯಿರಿ. ಇ-ಸ್ವತ್ತು ನಮೂನೆ 9 ಮತ್ತು 11 (ಪಂಚಾಯಿತಿ ಕೊಡುವ ಆಸ್ತಿ ದಾಖಲೆ) ತೆಗೆಸಿ. ಮನೆ ಪಟ್ಟಿ ಬಾಕಿ ಇದ್ದರೆ ಕಟ್ಟಿ, ರಸೀದಿ ಜೊತೆಗಿಡಿ. ಯಾವ ಅರ್ಜಿ ಕೊಟ್ಟರೂ ಮೊದಲು ನೋಡೋದು ಬಾಕಿಯನ್ನೇ.

ಎಫ್‌ಎಸ್‌ಎಸ್‌ಎಐ ಬಗ್ಗೆ ಹೆದರಬೇಡಿ. ಅವರದೇ ಫಾಸ್ಕಾಸ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ, ವಿಳಾಸದ ದಾಖಲೆ ಇದ್ದರೆ ಆಯಿತು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದವರೆಗಿನ ವಹಿವಾಟಿಗೆ ಬರೀ ನೋಂದಣಿ ಸಾಕಿತ್ತು, ಫೀ ವರ್ಷಕ್ಕೆ 100 ರೂಪಾಯಿ. ಈಗಿನ ಮಿತಿ, ಫೀ ಎಷ್ಟು ಅಂತ ಪೋರ್ಟಲ್‌ನಲ್ಲೇ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಯಾರೂ ಎನ್‌ಎ ಕೇಳಲ್ಲ. ಪಂಚಾಯಿತಿ ಕಾಗದ ಬರಲಿ ಅಂತ ಇದನ್ನು ತಡೆದು ಇಡಬೇಡಿ. ಎರಡೂ ಒಟ್ಟಿಗೇ ನಡೆಯಲಿ.

ನಿವೃತ್ತ ಪಂಚಾಯಿತಿ ಕಾರ್ಯದರ್ಶಿ, ದಾವಣಗೆರೆ ಜಿಲ್ಲೆ

ಮೇಜಿನ ಆ ಕಡೆ ಕೂತವನಾಗಿ ಎರಡು ಮಾತು. ನಿಮಗೆ ಹೇಳಿದ ಇಬ್ಬರದೂ ಅರ್ಧ ಸರಿ. ಕೈಯಲ್ಲಿ ರೊಟ್ಟಿ ಬಡಿದು ಮಾರುವಾಗ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ವಿದ್ಯುತ್ತಿನಿಂದ ನಡೆಯುವ ಯಂತ್ರ ಕೂರಿಸುತ್ತೀರಿ ಅಂದ ಕೂಡಲೇ 1993ರ ಪಂಚಾಯತ್ ರಾಜ್ ಕಾಯ್ದೆಯ 66ನೇ ಪ್ರಕರಣ ಬರುತ್ತದೆ. ಗ್ರಾಮ ಪಂಚಾಯಿತಿ ಅನುಮತಿ ಪಡೆದೇ ಯಂತ್ರ ಹಾಕಬೇಕು. "ಸುಮ್ನೆ ಮಾಡ್ರಿ" ಅಂದವರು ನಾಳೆ ದೂರು ಬಂದಾಗ ನಿಮ್ಮ ಜೊತೆ ನಿಲ್ಲಲ್ಲ.

ಪರಿಶೀಲನೆಗೆ ಬಂದವರು ನಿಜವಾಗಿ ನೋಡುವುದು ಏನನ್ನು? ಸದ್ದು, ಖಾರದ ಘಾಟು, ಹೊಗೆ, ತೊಳೆದ ನೀರು ಯಾವ ಚರಂಡಿಗೆ ಹೋಗುತ್ತದೆ, ಗಾಡಿ ನಿಂತರೆ ಓಣಿ ಕಟ್ಟುತ್ತದೆಯೇ. ಇಷ್ಟನ್ನು ಅರ್ಜಿಯಲ್ಲೇ ಬರೆದುಬಿಡಿ. ಯಂತ್ರ ಎಷ್ಟು ಎಚ್‌ಪಿ, ಯಾವ ಕೋಣೆಯಲ್ಲಿ, ಬೆಳಗ್ಗೆ ಎಷ್ಟರಿಂದ ಸಂಜೆ ಎಷ್ಟರವರೆಗೆ, ಎಷ್ಟು ಜನ ಕೆಲಸ ಮಾಡುತ್ತೀರಿ. ಕೈಯಿಂದ ಬರೆದ ಒಂದು ನಕ್ಷೆ ಇರಲಿ. ಅಕ್ಕಪಕ್ಕದ ಮನೆಯವರ "ತಕರಾರು ಇಲ್ಲ" ಎಂಬ ಸಹಿ ಕಾನೂನಿನಲ್ಲಿ ಎಲ್ಲ ಕಡೆ ಕಡ್ಡಾಯ ಅಂತಲ್ಲ. ಆದರೂ ತನ್ನಿ. ಆ ಒಂದು ಹಾಳೆ ಇದ್ದರೆ ಸಾಮಾನ್ಯ ಸಭೆಯಲ್ಲಿ ಸದಸ್ಯರ ಬಾಯಿ ಕಟ್ಟುತ್ತದೆ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತಗೊಳ್ಳಿ. ಆಗಲ್ಲ ಅಂದರೆ ಬಾಯಿಮಾತಿಗೆ ಒಪ್ಪಬೇಡಿ, "ಹಿಂಬರಹ ಕೊಡಿ" ಅಂತ ನಯವಾಗಿ ಕೇಳಿ. ಏಕೆ ಆಗಲ್ಲ ಅಂತ ಬರೆಯಬೇಕಾಗಿ ಬಂದಾಗ ಎಷ್ಟೋ "ಆಗಲ್ಲ"ಗಳು "ನೋಡೋಣ" ಆಗುತ್ತವೆ. ಹಿಂಬರಹ ಕೈಗೆ ಬಂದರೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹತ್ತಿರ ಮೇಲ್ಮನವಿಗೆ ದಾರಿ ಇದೆ. ಕಾಗದವೇ ಇಲ್ಲದಿದ್ದರೆ ಏನನ್ನು ಹಿಡಿದು ಹೋಗುತ್ತೀರಿ?

ಗದಗ ಕಡೆಯಿಂದ, ಗಿರಣಿಯವರು

ನಾನು ಹೇಳೋದು ಸ್ವಲ್ಪ ಉಲ್ಟಾ. ರೊಟ್ಟಿ ಮಷಿನ್ ತಗೊಳ್ಳಿ, ಪಲ್ವರೈಸರ್ ಬೇಡ. ಖಾರ ಕುಟ್ಟೋಕೆ ನಿಮ್ಮ ಕಡೆ ಗಿರಣಿಗಳಿಗೇನು ಬರವಾ? ಕೂಲಿ ಕೊಟ್ಟು ಕುಟ್ಟಿಸಿ, ಮನೆಯಲ್ಲಿ ಪಾಕೀಟು ಮಾಡಿ. ಊರೊಳಗಿನ ಓಣಿಯಲ್ಲಿ ಖಾರದ ಮಷಿನ್ ಹಾಕಿದರೆ ಅಕ್ಕಪಕ್ಕದವರ ಕೆಮ್ಮು ನಿಲ್ಲಲ್ಲ. ಸಹಿ ಹಾಕಿದವರೇ ಆರು ತಿಂಗಳಿಗೆ ದೂರು ಕೊಡುತ್ತಾರೆ. ಅವರದೂ ತಪ್ಪಲ್ಲ ಬಿಡಿ.

ಮೀಟರಿನ ವಿಷಯ ಯಾರೂ ಎತ್ತಲಿಲ್ಲ. ಮನೆ ಮೀಟರಿನಲ್ಲಿ ಉದ್ಯೋಗದ ಮಷಿನ್ ಓಡಿಸಬೇಡಿ. ಈಗ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತೆ ಅಂತ ಬಹಳ ಜನ ಹಾಗೇ ಓಡಿಸುತ್ತಾರೆ. ಅದು ಗೃಹಬಳಕೆಗೆ ಮಾತ್ರ. ವಿದ್ಯುತ್ ಕಂಪನಿಯ ವಿಜಿಲೆನ್ಸ್‌ನವರು ಬಂದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಹಾಕುತ್ತಾರೆ, ಸರಿಯಾದ ದರದ ಎರಡು ಪಟ್ಟು ಲೆಕ್ಕ. ತಯಾರಿಕೆ ಕೆಲಸಕ್ಕೆ ಎಲ್‌ಟಿ-5, ಅಂದರೆ ಕೈಗಾರಿಕೆ ದರದ ಸಂಪರ್ಕ ಕೇಳಿ. ಬರೀ ಅಂಗಡಿ ಇಟ್ಟರೆ ಎಲ್‌ಟಿ-3. ಅಂಗಡಿ ದರ ಕೈಗಾರಿಕೆಗಿಂತ ಜಾಸ್ತಿ, ಅದಕ್ಕೆ ಅರ್ಜಿಯಲ್ಲಿ "ರೊಟ್ಟಿ ತಯಾರಿಕೆ" ಅಂತಲೇ ಬರೆಯಿರಿ, "ರೊಟ್ಟಿ ವ್ಯಾಪಾರ" ಅಂತ ಬರೆಯಬೇಡಿ. ಉದ್ಯಮ್ (ಸಣ್ಣ ಉದ್ಯಮಗಳಿಗೆ ಸರ್ಕಾರದ) ನೋಂದಣಿ ಇದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತೆ. ಅದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ಪುತ್ತೂರು ಕಡೆಯಿಂದ, ಹಲಸಿನ ಹಪ್ಪಳ ಮಾಡುವವರು

ಇದನ್ನು ಓದುವ ಕರಾವಳಿಯವರಿಗೆ ಒಂದು ಮಾತು. ಮೇಲೆ ಹೇಳಿದ ಗಾಂವಠಾಣದ ಅನುಕೂಲ ನಮ್ಮಲ್ಲಿ ಇಲ್ಲ. ಇಲ್ಲಿ ಮನೆಗಳೆಲ್ಲ ಬಿಡಿಬಿಡಿ, ತೋಟದ ನಡುವೆ. ಹಾಗಾಗಿ ಮನೆಯ ಅಡಿಯ ಸೆಂಟ್ಸ್ ಕನ್ವರ್ಷನ್ (ಮೇಲೆ ಎನ್‌ಎ ಅಂದದ್ದೇ) ಆಗಿದೆಯಾ, 9/11 (ಆ ನಮೂನೆ 9 ಮತ್ತು 11) ಆಗಿದೆಯಾ ಅಂತಲೇ ಮೊದಲು ನೋಡಬೇಕು. ಏಕನಿವೇಶನ (ಒಂಟಿ ಸೈಟ್) ಅನುಮೋದನೆ ಇಲ್ಲದೆ 9/11 ಸಿಕ್ಕದೆ ಒದ್ದಾಡಿದವರು ನಮ್ಮಲ್ಲಿ ಮನೆಗೊಬ್ಬರು. ನಮ್ಮ ಹಳೆಯ ಮನೆಗೆ ಡೋರ್ ನಂಬ್ರ ಇತ್ತು, ತೆರಿಗೆ ಕಟ್ಟಿದ ರಶೀದಿ ಇತ್ತು. ಮಷಿನ್ ಇಲ್ಲದ ಹಪ್ಪಳಕ್ಕೆ ಅಷ್ಟರ ಮೇಲೆಯೇ ಪಂಚಾಯತ್‌ನವರು ಪರವಾನಗಿ ಕೊಟ್ಟರು. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮಾತ್ರ 9/11 ಬಿಟ್ಟು ಬೇರೆ ಮಾತೇ ಆಡಲಿಲ್ಲ.

ನೆಲಮಂಗಲ ಕಡೆಯಿಂದ

ಬೆಂಗಳೂರು ಸುತ್ತಲಿನ ಹಳ್ಳಿಯವರು ಪಂಚಾಯಿತಿಗೆ ಹೋಗುವ ಮುಂಚೆ ಯೋಜನಾ ಪ್ರಾಧಿಕಾರಕ್ಕೆ ಹೋಗಿ. ಊರು ಸ್ಥಳೀಯ ಯೋಜನಾ ಪ್ರದೇಶದೊಳಗೆ ಇದ್ದರೆ ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರಿಗೆ ಒಂದು ಬಣ್ಣ ಇರುತ್ತೆ. ಹಳದಿ ಅಂದರೆ ವಸತಿ, ಹಸಿರು ಅಂದರೆ ಕೃಷಿ. ಹಸಿರಿನಲ್ಲಿದ್ದರೆ ಕನ್ವರ್ಷನ್ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರೂ ಕಷ್ಟ. ಮೊದಲು ಬಣ್ಣ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ರಾಣೆಬೆನ್ನೂರಿನ ಅಕ್ಕನ ಊರು ಪಟ್ಟಣದಿಂದ ದೂರ ಇದ್ದರೆ ಈ ಗೋಜು ಇರಲಿಕ್ಕಿಲ್ಲ. ಹತ್ತಿರ ಇದ್ದರೆ ಒಮ್ಮೆ ವಿಚಾರಿಸಿ.

ಮತ್ತೆ ರಾಣೆಬೆನ್ನೂರು ತಾಲ್ಲೂಕಿನಿಂದ

ಎಲ್ಲರಿಗೂ ಶರಣು. ಶೆಡ್ಡು ಬಿಟ್ಟೆವು. ಗಿರಣಿಯಣ್ಣನ ಮಾತು ಮನೆಯವರಿಗೂ ಹಿಡಿಸಿತು, ಖಾರ ಹೊರಗೇ ಕುಟ್ಟಿಸುತ್ತೇವೆ. ಇನ್ನೊಂದು ತೊಂದರೆ ಉಳಿದಿದೆ. ಮನೆ ಉತಾರ ಇನ್ನೂ ಮಾವನವರ ಹೆಸರಿನಲ್ಲಿದೆ. ಅವರು ತೀರಿಕೊಂಡು ಬಹಳ ವರ್ಷ ಆಯಿತು. ರೊಟ್ಟಿ ಮಷಿನ್‌ಗೆ ಸಬ್ಸಿಡಿ ಸಿಗುತ್ತದಂತೆ, ಅದಕ್ಕೆ ಇದು ಅಡ್ಡ ಬರುತ್ತದಾ?

ಧಾರವಾಡ ಕಡೆಯವರ ಉತ್ತರ

ಅಡ್ಡ ಬರಬಹುದು, ಹಾಗಂತ ಎಲ್ಲವೂ ನಿಲ್ಲಲ್ಲ. ವಾರಸಾ ಅರ್ಜಿ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಇವತ್ತೇ ಹಾಕಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಅದು ಮುಗಿಯೋವರೆಗೆ ಎಫ್‌ಎಸ್‌ಎಸ್‌ಎಐ, ಉದ್ಯಮ್ ಎರಡನ್ನೂ ನಿಮ್ಮ ಹೆಸರಿನಲ್ಲಿ ಮಾಡಿಸಿಕೊಳ್ಳಿ. ಪರವಾನಗಿ ಅರ್ಜಿಗೆ ಅತ್ತೆಯವರ, ಮೈದುನರ ಒಪ್ಪಿಗೆ ಪತ್ರ ಲಗತ್ತಿಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಪ್ಪುತ್ತಾರಾ ಕೇಳಿ. ನಮ್ಮಲ್ಲಿ ಒಪ್ಪಿದರು.

ಸಬ್ಸಿಡಿ ಅಂದದ್ದು ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ) ಇರಬೇಕು. 2020ರಲ್ಲಿ ಬಂದ ಕೇಂದ್ರದ ಯೋಜನೆ. ಕೇಂದ್ರದ್ದು 35%, ಹೆಚ್ಚೆಂದರೆ 10 ಲಕ್ಷ. ಅದರ ಮೇಲೆ ನಮ್ಮ ರಾಜ್ಯ 15% ಸೇರಿಸಿ ಒಟ್ಟು 50%, 15 ಲಕ್ಷದ ಮಿತಿಯವರೆಗೆ ಕೊಡುತ್ತಿತ್ತು. ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನವೂ (ಶುರುವಿನ ಬಂಡವಾಳ) ಇತ್ತು. ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಹಾವೇರಿಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ, ಅರ್ಜಿ ಅವರೇ ತುಂಬಿಸುತ್ತಾರೆ. ಅವರಿಗೆ ನೀವು ದುಡ್ಡು ಕೊಡಬೇಕಿಲ್ಲ. ಇದು ಸಾಲದ ಜೊತೆ ಬರುವ ಸಬ್ಸಿಡಿ, ಹಾಗಾಗಿ ಕೊನೆಗೆ ಬ್ಯಾಂಕ್ ಒಪ್ಪಬೇಕು. ಸಾಲ ಮಂಜೂರಾಗೋ ಮುಂಚೆ ಮಷಿನ್ ಖರೀದಿ ಮಾಡಬೇಡಿ, ಕೊಟೇಶನ್ ಮಾತ್ರ ತಗೊಳ್ಳಿ.

ಮತ್ತೆ ಪಾಕೀಟು ಅಚ್ಚು ಹಾಕಿಸೋ ಮುಂಚೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಪ್ಯಾಕರ್ ನೋಂದಣಿ ಕೇಳಿ. ನಾವು ಮಾಡಿಸಿದಾಗ ಫೀ 500 ರೂಪಾಯಿ. ತೂಕದ ಯಂತ್ರಕ್ಕೆ ಪ್ರತಿ ವರ್ಷ ಮುದ್ರೆ ಹಾಕಿಸಬೇಕು. ಹಸಿರು ಚುಕ್ಕೆ, ನಿವ್ವಳ ತೂಕ, ತಯಾರಿಸಿದ ದಿನ, ಎಂಆರ್‌ಪಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ನಿಮ್ಮ ವಿಳಾಸ ಪಾಕೀಟಿನ ಮೇಲೆ ಇರಬೇಕು. ಆ ನಂಬರ್ ಕೈಗೆ ಬರೋವರೆಗೆ ಹುಬ್ಬಳ್ಳಿಯವರಿಗೆ ದಿನಾಂಕ ಕೊಟ್ಟು ಮಾತು ಕೊಡಬೇಡಿ.