ಅಪ್‌ಡೇಟ್: ಇಳಿಯುವ ವಿಮಾನದ ಎತ್ತರದ ಗೊಂದಲ ಬಗೆಹರಿಯಿತು

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಮುಟ್ಟಲಿರುವ ವಿಮಾನವನ್ನೂ, ವಿಮಾನಗಳು ಬಿತ್ತರಿಸುವ ರೇಡಿಯೊ ಸಂದೇಶಗಳನ್ನು ಹಿಡಿಯುವ ನನ್ನ ರಿಸೀವರ್ ಎರಡು ಸಾವಿರ ಅಡಿಗಿಂತ ಮೇಲೆ ತೋರಿಸುವುದೇಕೆ ಎಂದು ಕೇಳಿದ್ದೆ. ದಾರಿ ತೋರಿಸಿದವರಿಗೆಲ್ಲ ಮನಃಪೂರ್ವಕ ಧನ್ಯವಾದ.

1090 ಮೆಗಾಹರ್ಟ್ಸ್ ರೇಡಿಯೊ ತರಂಗಾಂತರದಲ್ಲಿ ವಿಮಾನದಿಂದ ಬರುವ ಆ ಎತ್ತರದ ಅಂಕಿ ನೆಲದಿಂದ ಅಳೆದದ್ದಲ್ಲ, ಗಾಳಿಯ ಒತ್ತಡ 1013.25 ಹೆಕ್ಟೋಪಾಸ್ಕಲ್ (ಸಮುದ್ರಮಟ್ಟದ ಪ್ರಮಾಣಿತ ಒತ್ತಡ) ಇರುವ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡ ಲೆಕ್ಕ. ಮೈಸೂರೇ ಸಮುದ್ರಮಟ್ಟದಿಂದ 700 ಮೀಟರಿಗೂ (ಸುಮಾರು 2300 ಅಡಿ) ಎತ್ತರದಲ್ಲಿದೆಯಲ್ಲ! ರಿಸೀವರ್ ತೋರಿಸುವ ಪಟ್ಟಿಯಲ್ಲಿ ಜಿಪಿಎಸ್ ಎತ್ತರಕ್ಕೆ ಬೇರೆಯದೇ ಕಾಲಂ ಇದೆ, ಎರಡೂ ತಾಳೆಯಾಗಬೇಕಿಲ್ಲ. ಚಕ್ರ ನೆಲಕ್ಕೆ ತಾಗಿದ ಮೇಲಂತೂ ಸ್ಥಾನದ ಸಂದೇಶದಲ್ಲಿ ಎತ್ತರವೇ ಇರುವುದಿಲ್ಲ.

ಅಕ್ಷಾಂಶ, ರೇಖಾಂಶ ಮೊದಲಿಗೆ ಖಾಲಿ ಬರುವುದೂ ದೋಷವಲ್ಲ. ವಿಮಾನ ಸ್ಥಾನವನ್ನು ಸಮ, ಬೆಸ ಎಂಬ ಎರಡು ಬಗೆಯ ಸಂದೇಶಗಳಲ್ಲಿ ಕಳಿಸುತ್ತದೆ; ಸಾಮಾನ್ಯವಾಗಿ ಎರಡನ್ನೂ ಹೊಂದಿಸಿದಾಗಲೇ ಮೊದಲ ಸ್ಥಾನ ಖಚಿತವಾಗುತ್ತದೆ. ಚಾಮುಂಡಿ ಬೆಟ್ಟದ ಮರೆಯಲ್ಲಿ ಆಗ ಒಂದು ತಪ್ಪಿದರೆ ಜೋಡಿ ಪೂರ್ತಿಯಾಗುವವರೆಗೆ ಕಾಯಬೇಕು. ಆಂಟೆನಾವನ್ನು ತಾರಸಿಗೆ ಏರಿಸುತ್ತಿದ್ದೇನೆ.