ಸಹಾಯ ಬೇಕು: ಸಿ ಭಾಷೆಯಲ್ಲಿ ತನ್ನನ್ನೇ ಕರೆಯುವ ಮ್ಯಾಕ್ರೊ

ಎಲ್ಲರಿಗೂ ನಮಸ್ಕಾರ. ಎಷ್ಟು ಆರ್ಗ್ಯುಮೆಂಟ್ ಕೊಟ್ಟರೂ ಪ್ರತಿಯೊಂದಕ್ಕೂ ಒಂದು ಪ್ರಿಂಟ್ ಸಾಲು ಬರೆದುಕೊಡುವ 'ಫಾರ್‌ಈಚ್' ಮ್ಯಾಕ್ರೊ (ಹೆಸರು ಬರೆದ ಕಡೆ ಅದರ ಕೋಡ್ ತುಂಬಿಕೊಳ್ಳುವಂಥದ್ದು) ಮಾಡುತ್ತಿದ್ದೇನೆ. ಒಳಗೆ ಮತ್ತೆ ಅದೇ ಹೆಸರು ಬಂದರೆ ಪ್ರಿಪ್ರೊಸೆಸರ್ (ಕಂಪೈಲ್‌ಗೆ ಮೊದಲು ಮ್ಯಾಕ್ರೊಗಳನ್ನು ಬಿಡಿಸಿ ಕೋಡ್ ಮಾಡುವ ಭಾಗ) ಅದನ್ನು ಬಿಡಿಸದೆ ಸುಮ್ನೆ ಬಿಟ್ಟುಬಿಡುತ್ತದೆ. ಕಂಪೈಲರ್ ಅದನ್ನು ಫಂಕ್ಷನ್ ಅಂದುಕೊಂಡು ಡಿಕ್ಲರೇಶನ್ ಇಲ್ಲ ಎನ್ನುತ್ತದೆ. ಇದು ಸ್ಟ್ಯಾಂಡರ್ಡ್‌ನದೇ ನಿಯಮ, ಬಗ್ ಅಲ್ಲ, ಗೊತ್ತು.

ಹಾಗಾಗಿ ನಡುವೆ ಖಾಲಿ ಮ್ಯಾಕ್ರೊ ಇಟ್ಟು ಕರೆಯನ್ನು ಮುಂದೂಡಿದೆ. ಹೊರಗಿನಿಂದ 'ಇವ್ಯಾಲ್' ಎಂಬ ಇನ್ನೊಂದು ಮ್ಯಾಕ್ರೊ ಸುತ್ತಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿದೆ. ಜಿಸಿಸಿ ಕಂಪೈಲರ್‌ನಲ್ಲಿ, ಪ್ರಿಪ್ರೊಸೆಸರ್ ಬಿಡಿಸಿದ ಕೋಡ್ ತೋರಿಸುವ ಮೈನಸ್ ಕ್ಯಾಪಿಟಲ್ ಇ ಆಪ್ಶನ್ ಹಾಕಿ ನೋಡಿದರೆ ಬಿಡಿಸುವುದು ಸರಿಯಾಗಿದೆ. ಆದರೆ ಪಟ್ಟಿ ಮುಗಿದಾಗ ನಿಲ್ಲಿಸುವುದು ಹೇಗೆ? ಹೊಸ ಸ್ಟ್ಯಾಂಡರ್ಡ್ ಸಿ23ರ ವಿಎ ಆಪ್ಟ್ (ಆರ್ಗ್ಯುಮೆಂಟ್ ಇದ್ದರೆ ಮಾತ್ರ ಕೋಡ್ ಹಾಕುವಂಥದ್ದು) ಇದ್ದರೆ ಸುಲಭ, ಅಲ್ವಾ? ಆದರೆ ನನ್ನ ಕೋಡ್ ಹಳೆಯ ಸ್ಟ್ಯಾಂಡರ್ಡ್ ಸಿ99ರಲ್ಲೂ ಓಡಬೇಕು. ಕೊನೆಯಲ್ಲಿ ಗುರುತಿನ ಟೋಕನ್ ಇಟ್ಟು, ಎರಡು ಹ್ಯಾಶ್‌ನಿಂದ (ಎರಡು ಟೋಕನ್, ಅಂದರೆ ಕೋಡ್‌ನ ಪದಗಳನ್ನು, ಒಂದಾಗಿಸುವ ಗುರುತು) ಅಂಟಿಸಿ ಪತ್ತೆ ಮಾಡಲು ನೋಡಿದೆ. ಪಟ್ಟಿಯಲ್ಲಿ ಸ್ಟ್ರಿಂಗ್ ಬಂದ ತಕ್ಷಣ ಅಂಟಿಸುವುದೇ ಎರರ್. ಆವರಣದಿಂದ ಶುರುವಾಗುವ ಆರ್ಗ್ಯುಮೆಂಟ್‌ಗೂ ಅದೇ ಕಥೆ.

ಸ್ಟ್ರಿಂಗ್ ಇದ್ದರೂ ಪಟ್ಟಿ ಮುಗಿದದ್ದನ್ನು ಸಿ99ರಲ್ಲಿ ಗುರುತಿಸುವ ದಾರಿ ಇದೆಯಾ? ಆರ್ಗ್ಯುಮೆಂಟ್ ಎಣಿಸಿ, ಸಂಖ್ಯೆಗೊಂದು ಮ್ಯಾಕ್ರೊ ಬರೆಯುವುದು ಗೊತ್ತು, ಆದರೆ ಆ ಉದ್ದ ಪಟ್ಟಿ ನೋಡಲಿಕ್ಕೇ ಬೇಜಾರು. ಎಕ್ಸ್-ಮ್ಯಾಕ್ರೊಗೆ (ಪಟ್ಟಿಯನ್ನು ಒಮ್ಮೆ ಬರೆದಿಟ್ಟು, ಪ್ರತಿಯೊಂದಕ್ಕೂ ಬೇಕಾದ ಮ್ಯಾಕ್ರೊ ಹಚ್ಚುವ ರೀತಿ) ಬದಲಾಯಿಸುವುದೇ ವಾಸಿನಾ? ಮಾಡಿದವರು ದಯವಿಟ್ಟು ಹೇಳಿ.